ಸಂಶೋಧನೆಗೂ ಒಂದು ಪಾಲು

ಮಕ್ಕಳ ಕ್ಯಾನ್ಸರ್ ಎಂದೊಡನೆ ನಮ್ಮ ಜನರ ಕೈ ಜೇಬಿಗೆ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಮಗುವಿನ ಫೋಟೊ, ಆಸ್ಪತ್ರೆಯ ಖರ್ಚಿನ ಅಂದಾಜು, ತಂದೆಯ ಬ್ಯಾಂಕ್ ಖಾತೆಯ ವಿವರ ಬಂದರೆ ಗುರುತು ಪರಿಚಯ ಇಲ್ಲದವರೂ ಐನೂರೋ ಸಾವಿರವೋ ಹಾಕುತ್ತಾರೆ. ಹುಟ್ಟುಹಬ್ಬದ ದಿನ ಮಕ್ಕಳ ವಾರ್ಡಿಗೆ ಹಣ್ಣು ಹಂಚಿ ಬರುವವರಿದ್ದಾರೆ. ಊರಿಂದ ಬಂದ ತಂದೆತಾಯಿಗೆ ಊಟ ಕೊಡುವವರಿದ್ದಾರೆ, ಉಳಿಯಲು ಜಾಗ ಕೊಡುವವರಿದ್ದಾರೆ. ಇದು ದೊಡ್ಡ ಗುಣ. ಆದರೆ ಆ ಮಗುವಿಗೆ ಕೊಡುವ ಔಷಧ ಎಲ್ಲಿಂದ ಬಂತು, ಇಷ್ಟೇ ಪ್ರಮಾಣ ಎಂದು ಯಾರು ಗೊತ್ತುಮಾಡಿದರು, ಇದಕ್ಕಿಂತ ಒಳ್ಳೆಯ ಚಿಕಿತ್ಸೆಯನ್ನು ಯಾರು ಹುಡುಕುತ್ತಿದ್ದಾರೆ, ಆ ಹುಡುಕಾಟಕ್ಕೆ ದುಡ್ಡು ಕೊಡುವವರು ಯಾರು ಎಂದು ಕೇಳುವವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಇವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಈ ಪ್ರಮಾಣ ಶೇ 30ನ್ನೂ ಮುಟ್ಟುವುದಿಲ್ಲ. 2030ರ ಹೊತ್ತಿಗೆ ಎಲ್ಲೆಡೆ ಕನಿಷ್ಠ ಶೇ 60ರಷ್ಟು ಮಕ್ಕಳಾದರೂ ಉಳಿಯಬೇಕು ಎಂದು ಸಂಸ್ಥೆ 2018ರಲ್ಲಿ ಗುರಿ ಹಾಕಿಕೊಂಡಿತು. ಭಾರತದಲ್ಲಿ ಪ್ರತಿವರ್ಷ ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಈ ಕಾಯಿಲೆಗೆ ತುತ್ತಾಗುತ್ತಾರೆ ಎಂಬ ಅಂದಾಜಿದೆ. ಎಂದರೆ ಆ ಗುರಿಯ ಸೋಲು ಗೆಲುವಿನಲ್ಲಿ ನಮ್ಮ ದೇಶದ ಪಾಲು ದೊಡ್ಡದು.

ನಮಗೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ತೀವ್ರ ರಕ್ತ ಕ್ಯಾನ್ಸರ್ ಬಂದ ಮಗು ಅಮೆರಿಕದಲ್ಲಿದ್ದರೂ ಬದುಕುತ್ತಿರಲಿಲ್ಲ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ವೈದ್ಯರು ರಕ್ತ ಕೊಟ್ಟು, ನೋವು ಕಡಿಮೆ ಮಾಡಿ, ತಂದೆತಾಯಿಗೆ ಸಮಾಧಾನ ಹೇಳುತ್ತಿದ್ದರು. ಅಲ್ಲಿಂದ ಶೇ 80ರವರೆಗಿನ ದಾರಿಯನ್ನು ಹಿಂತಿರುಗಿ ನೋಡಿದರೆ ತಿರುವು ತಿರುವಿನಲ್ಲೂ ಯಾರೋ ಸಂಶೋಧನೆಗೆಂದೇ ಕೊಟ್ಟ ದಾನದ ಹಣ ಕಾಣುತ್ತದೆ. ಅದರ ಮೊದಲ ಗುರುತುಗಳಲ್ಲಿ ಒಂದು ನಮ್ಮ ನೆಲದ್ದೇ.

ಮೆಹರ್‌ಬಾಯಿ ಬೆಂಗಳೂರು, ಮೈಸೂರುಗಳಲ್ಲಿ ಬೆಳೆದ ಪಾರ್ಸಿ ಹೆಣ್ಣುಮಗಳು. ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ವಿಜ್ಞಾನಿ ಹೋಮಿ ಭಾಭಾಗೆ ಆಕೆ ಸೋದರತ್ತೆ. ಜಮ್ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿಯನ್ನು 1898ರಲ್ಲಿ ಮದುವೆಯಾದರು. 1931ರಲ್ಲಿ ಲ್ಯುಕೇಮಿಯಾ, ಎಂದರೆ ರಕ್ತ ಕ್ಯಾನ್ಸರ್, ಆಕೆಯನ್ನು ಬಲಿ ತೆಗೆದುಕೊಂಡಿತು. ಮರುವರ್ಷವೇ ದೊರಾಬ್‌ಜಿ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಸ್ಥಾಪಿಸಿದರು. ಅದರ ಆದಾಯದ ಬಹುಪಾಲು ಹೋಗಬೇಕಾದದ್ದು ಲ್ಯುಕೇಮಿಯಾ ಕುರಿತ ಸಂಶೋಧನೆಗೆ, ಅದೂ ಯಾವ ದೇಶದ ವಿಜ್ಞಾನಿಯಾದರೂ ಸರಿ. ಆ ರೋಗವನ್ನು ಗುಣಪಡಿಸುವ ಒಂದೇ ಒಂದು ಔಷಧವೂ ಇಲ್ಲದಿದ್ದ ಕಾಲದಲ್ಲಿ ಒಬ್ಬ ಭಾರತೀಯ ತನ್ನ ದುಃಖವನ್ನು ಜಗತ್ತಿನ ಪ್ರಯೋಗಾಲಯಗಳಿಗೆ ಹಣವಾಗಿ ಕೊಟ್ಟ. ಅದೇ ವರ್ಷ ದೊರಾಬ್‌ಜಿಯೂ ತೀರಿಕೊಂಡರು. ಅವರು ಹೆಂಡತಿಗೆಂದು ಕೊಂಡಿದ್ದ 245 ಕ್ಯಾರೆಟ್ಟಿನ ಜ್ಯುಬಿಲಿ ವಜ್ರವೂ ಮಾರಾಟವಾಗಿ ಅದರ ಹಣ ದೊರಾಬ್‌ಜಿ ಹೆಸರಿನ ಟ್ರಸ್ಟ್ ಸೇರಿತು. 1941ರಲ್ಲಿ ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಕಟ್ಟಿದ್ದು ಆ ಟ್ರಸ್ಟೇ. ಇಂದು ದೇಶದ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ಹಲವು ಪಾಠಗಳು ಹುಟ್ಟುವ ಜಾಗ ಅದು.

ಇನ್ನೊಂದು ಎಳೆ ಪಕ್ಕದ ಆಂಧ್ರದಿಂದ ಹೊರಡುತ್ತದೆ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಇಬ್ಬರು ಸೋದರರನ್ನು ಕಳೆದುಕೊಂಡವರು. ಮದ್ರಾಸಿನಲ್ಲಿ ವೈದ್ಯಕೀಯ ಓದಿ, 1920ರ ದಶಕದ ಆರಂಭದಲ್ಲಿ ಹಾರ್ವರ್ಡ್‌ಗೆ ಹೊರಟಾಗ ಕೈಯಲ್ಲಿ ಕಾಸಿರಲಿಲ್ಲ. ಮಾವನ ಮನೆಯವರು ಹೊಂದಿಸಿದ ಹಣದ ಜೊತೆಗೆ ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯ್ಕರ್ ದತ್ತಿಯ ನೆರವು ಅವರನ್ನು ಹಡಗು ಹತ್ತಿಸಿತು. ಮುಂದೆ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಮದ್ದಾಯಿತು. ಅದೇ ತಂಡ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡ ಬರುವ ರಾಸಾಯನಿಕಗಳನ್ನೂ ತಯಾರಿಸಿತು. ಅಮಿನೋಪ್ಟೆರಿನ್ ಅವುಗಳಲ್ಲೊಂದು.

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞ ಇದ್ದರು. ಸತ್ತ ಮಕ್ಕಳ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. ಫೋಲಿಕ್ ಆಮ್ಲದ ಬಗೆಯ ವಸ್ತುಗಳನ್ನು ಕೊಟ್ಟಾಗ ಲ್ಯುಕೇಮಿಯಾ ಇನ್ನಷ್ಟು ಬೇಗ ಬೆಳೆಯುವುದನ್ನು ಅವರು ಗಮನಿಸಿದ್ದರು. ಹಾಗಾದರೆ ಅದರ ವಿರೋಧಿಯನ್ನು ಕೊಟ್ಟರೆ? ಸುಬ್ಬರಾವ್ ತಂಡದಿಂದ ಅಮಿನೋಪ್ಟೆರಿನ್ ತರಿಸಿಕೊಂಡು, ಬದುಕುವ ಆಸೆಯೇ ಇಲ್ಲದ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳಲ್ಲಿ ರೋಗ ಹಿಂದೆ ಸರಿಯಿತು. ಊದಿಕೊಂಡಿದ್ದ ಗುಲ್ಮ ಇಳಿಯಿತು, ರಕ್ತದ ಎಣಿಕೆ ಸುಧಾರಿಸಿತು. ಆ ಚೇತರಿಕೆ ತಾತ್ಕಾಲಿಕ. 1948ರ ಜೂನ್‌ನಲ್ಲಿ ಪ್ರಕಟವಾದ ಪ್ರಬಂಧದ ಶೀರ್ಷಿಕೆಯಲ್ಲೇ ಫಾರ್ಬರ್ ಅದನ್ನು ಹೇಳಿಕೊಂಡಿದ್ದರು. ಆದರೂ ಔಷಧದಿಂದ ಮಕ್ಕಳ ತೀವ್ರ ಲ್ಯುಕೇಮಿಯಾವನ್ನು ಹಿಮ್ಮೆಟ್ಟಿಸಬಹುದು ಎಂಬುದು ಅಂದು ಮೊದಲ ಸಲ ಸ್ಪಷ್ಟವಾಗಿ ಗೊತ್ತಾಯಿತು. ಸುಬ್ಬರಾವ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಅಮಿನೋಪ್ಟೆರಿನ್‌ನ ಒಡಹುಟ್ಟಿದ ಮೆಥೊಟ್ರೆಕ್ಸೇಟ್ ಇವತ್ತಿಗೂ ಈ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇದ್ದೇ ಇರುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಮಗುವಿಗೂ ಅದೇ ಮದ್ದು.

ಸಿಕ್ಕ ಸುಳಿವನ್ನು ಬೆನ್ನಟ್ಟಲು ಫಾರ್ಬರ್‌ಗೆ ಹಣ ಬೇಕಿತ್ತು. ನೆರವಿಗೆ ಬಂದವರು ರಂಗಭೂಮಿ, ಸಿನಿಮಾ ಮಂದಿಯ ವೆರೈಟಿ ಕ್ಲಬ್‌ನವರು. 1948ರ ಮೇ 22ರಂದು ರಾಷ್ಟ್ರಮಟ್ಟದ ರೇಡಿಯೊ ಕಾರ್ಯಕ್ರಮವೊಂದು ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಹನ್ನೆರಡು ವರ್ಷದ ಹುಡುಗನನ್ನು ಮಾತಾಡಿಸಿತು. ಅವನ ಹೆಸರು ಹೇಳಲಿಲ್ಲ, ಜಿಮ್ಮಿ ಎಂದು ಕರೆದರು. ನೆಚ್ಚಿನ ಬೇಸ್‌ಬಾಲ್ ತಂಡದ ಆಟಗಾರರು ಒಬ್ಬೊಬ್ಬರಾಗಿ ಅವನ ಕೋಣೆಗೆ ಬಂದರು. ಇಪ್ಪತ್ತು ಸಾವಿರ ಡಾಲರ್ ಕೂಡಿಬಂದರೆ ಆಟ ನೋಡಲು ಜಿಮ್ಮಿಗೆ ಟಿ.ವಿ. ಸಿಗುತ್ತದೆ ಎಂದು ಕೇಳುಗರಿಗೆ ಹೇಳಿದರು. ಬಂದದ್ದು ಎರಡು ಲಕ್ಷ ಡಾಲರ್‌ಗೂ ಹೆಚ್ಚು. ಹೀಗೆ ಜಿಮ್ಮಿ ನಿಧಿ ಹುಟ್ಟಿತು. ಇಂದಿನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆ ಆ ನಿಧಿಯ ಫಲ. ಹುಡುಗ ಬದುಕಿರಲಾರ ಎಂದೇ ಬಹಳ ಜನ ಅಂದುಕೊಂಡಿದ್ದರು. ಐವತ್ತು ವರ್ಷದ ಬಳಿಕ, 1998ರಲ್ಲಿ, ಐನಾರ್ ಗುಸ್ಟಾಫ್ಸನ್ ಎಂಬ ಟ್ರಕ್ ಚಾಲಕ ತಾನೇ ಆ ಜಿಮ್ಮಿ ಎಂದು ಜನರ ಮುಂದೆ ಬಂದ.

ಅದೇ ದಾರಿಯಲ್ಲಿ ಇನ್ನೂ ದೂರ ಹೋದದ್ದು ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆ. ಲೆಬನಾನ್ ಮೂಲದ ನಟ ಡ್ಯಾನಿ ಥಾಮಸ್ ಹೊತ್ತ ಹರಕೆಯ ಫಲವಾಗಿ 1962ರಲ್ಲಿ ಅದು ಬಾಗಿಲು ತೆರೆಯಿತು. ಲೆಬನಾನ್, ಸಿರಿಯಾಗಳಿಂದ ಹೋಗಿ ನೆಲೆಸಿದ ಕುಟುಂಬಗಳು ಅದಕ್ಕಾಗಿಯೇ 1957ರಲ್ಲಿ ದತ್ತಿ ಸಂಸ್ಥೆ ಕಟ್ಟಿಕೊಂಡಿದ್ದವು. ಆಸ್ಪತ್ರೆ ಯಾವ ಕುಟುಂಬಕ್ಕೂ ಬಿಲ್ ಕೊಡುವುದಿಲ್ಲ. ಅದರ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಆಗ ಯಾರೂ ಒಪ್ಪದ ಕೆಲಸಕ್ಕೆ ಕೈಹಾಕಿದರು. ಮಕ್ಕಳ ತೀವ್ರ ಲ್ಯುಕೇಮಿಯಾಕ್ಕೆ ಒಂದಾದ ಮೇಲೊಂದು ಔಷಧ ಕೊಡುವ ಬದಲು ಹಲವನ್ನು ಒಟ್ಟಿಗೆ ಕೊಟ್ಟರು. ಮೆದುಳು, ಬೆನ್ನುಹುರಿಗಳಲ್ಲಿ ಅಡಗುವ ರೋಗಕಣಗಳಿಗೂ ವಿಕಿರಣ ಮತ್ತಿತರ ಚಿಕಿತ್ಸೆ ಕೊಟ್ಟರು. ಒಂದು ಅಧ್ಯಯನ ಮುಗಿದ ಮೇಲೆ ಅದರ ತಪ್ಪು ತಿದ್ದಿ ಇನ್ನೊಂದು. 1967ರಲ್ಲಿ ಶುರುವಾದ ಐದನೆಯ ಅಧ್ಯಯನದ ಹೊತ್ತಿಗೆ ಅರ್ಧದಷ್ಟು ಮಕ್ಕಳು ಗುಣವಾದರು. ಆಸ್ಪತ್ರೆ ತೆರೆದಾಗ ಈ ಬಗೆಯ ಲ್ಯುಕೇಮಿಯಾದಿಂದ ಉಳಿಯುತ್ತಿದ್ದ ಮಕ್ಕಳು ನೂರಕ್ಕೆ ನಾಲ್ವರು. ಕತೆ ಅಲ್ಲಿಗೇ ನಿಲ್ಲಲಿಲ್ಲ. ತಲೆಗೆ ಕೊಟ್ಟ ವಿಕಿರಣದಿಂದ ಮುಂದೆ ಕಲಿಕೆಗೆ, ಬೆಳವಣಿಗೆಗೆ ಪೆಟ್ಟು ಬೀಳುತ್ತದೆ ಎಂಬುದು ಉಳಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದರಿಂದ ತಿಳಿಯಿತು. ವಿಕಿರಣ ಬಿಟ್ಟೂ ಅಷ್ಟೇ ಮಕ್ಕಳನ್ನು ಉಳಿಸಬಹುದು ಎಂದು ಅದೇ ಆಸ್ಪತ್ರೆ 2009ರಲ್ಲಿ ತೋರಿಸಿಕೊಟ್ಟಿತು. ಇಷ್ಟು ವರ್ಷ ಕಾಯುವ ತಾಳ್ಮೆ ಇರುವುದು ದಾನದ ಹಣಕ್ಕೆ ಮಾತ್ರ. ಮೂರು ವರ್ಷದ ಯೋಜನೆಗೆ ಮಂಜೂರಾದ ಹಣಕ್ಕೆ ಇರುವುದಿಲ್ಲ.

ಔಷಧ ಕಂಪನಿಗಳು ಇದನ್ನೆಲ್ಲ ಏಕೆ ಮಾಡುವುದಿಲ್ಲ? ಲೆಕ್ಕ ಸರಳವಾಗಿದೆ. ರಕ್ತ, ಮೆದುಳು, ಕಣ್ಣು, ಮೂತ್ರಪಿಂಡ, ಮೂಳೆ, ನರಗ್ರಂಥಿ ಎಂದು ಮಕ್ಕಳ ಕ್ಯಾನ್ಸರಿನಲ್ಲಿ ಹತ್ತಾರು ಬಗೆ. ಒಂದೊಂದರಲ್ಲೂ ರೋಗಿಗಳು ಕಡಿಮೆ. ಬಳಸುವ ಔಷಧಗಳಲ್ಲಿ ಹೆಚ್ಚಿನವು ಹಳೆಯವು, ಪೇಟೆಂಟ್ ಮುಗಿದವು. ಹೊಸದನ್ನು ಹುಡುಕಲು ಹಾಕಿದ ಹಣ ಮರಳಿ ಬರುವ ಭರವಸೆ ಇಲ್ಲ. ಇದನ್ನು ಅರಿತೇ ಅಮೆರಿಕ 2012ರಲ್ಲಿ ಒಂದು ಕಾನೂನು ತಂದಿತು. ಮಕ್ಕಳ ಅಪರೂಪದ ಕಾಯಿಲೆಗೆ ಔಷಧ ತಂದ ಕಂಪನಿಗೆ ಒಂದು ವೋಚರ್ ಸಿಗುವಂತಾಯಿತು. ಇನ್ನೊಂದು ಔಷಧದ ಪರಿಶೀಲನೆಯನ್ನು ಬೇಗ ಮುಗಿಸಿಕೊಳ್ಳಲು ಅದನ್ನು ಬಳಸಬಹುದಿತ್ತು, ಬೇರೆ ಕಂಪನಿಗೆ ಮಾರಲೂಬಹುದಿತ್ತು. ನ್ಯೂರೋಬ್ಲಾಸ್ಟೋಮಾ ಎಂಬ ಮಕ್ಕಳ ಕ್ಯಾನ್ಸರಿಗೆ 2015ರಲ್ಲಿ ಡೈನುಟುಕ್ಸಿಮ್ಯಾಬ್ ತಂದ ಕಂಪನಿ ತನಗೆ ಸಿಕ್ಕ ವೋಚರನ್ನು 35 ಕೋಟಿ ಡಾಲರ್‌ಗೆ ಮಾರಿತು. ಆ ಔಷಧದ ಮೇಲೆ ದಶಕಗಳ ಕಾಲ ದುಡಿದು ಬಹಳಷ್ಟು ದೂರ ತಂದಿದ್ದವರು ಸರ್ಕಾರದ ಸಂಶೋಧನಾ ಸಂಸ್ಥೆ ಮತ್ತು ಆಸ್ಪತ್ರೆಗಳ ವಿಜ್ಞಾನಿಗಳು. ಮೊದಲ ಹೆಜ್ಜೆಗಳನ್ನು ಲಾಭದ ನಿರೀಕ್ಷೆ ಇಲ್ಲದ ಹಣವೇ ಇಡಬೇಕಾಗುತ್ತದೆ.

ಅಲ್ಲಿ ಕಂಡುಹಿಡಿದದ್ದನ್ನು ನಾವು ಬಳಸಿದರೆ ಸಾಲದೇ ಎಂದು ಕೇಳಬಹುದು. ಸಾಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 1980ರ ದಶಕದ ಆರಂಭದವರೆಗೂ ಭಾರತದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಲ್ಯುಕೇಮಿಯಾ ಗೆದ್ದು ಉಳಿಯುತ್ತಿದ್ದವರು ಶೇ 20ಕ್ಕಿಂತ ಕಡಿಮೆ. 1984ರಿಂದ ಮುಂಬೈಯ ಟಾಟಾ ಮೆಮೋರಿಯಲ್, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ, ದೆಹಲಿಯ ಏಮ್ಸ್ ಸೇರಿಕೊಂಡು, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾತ್ ಅವರ ಸಹಯೋಗದಲ್ಲಿ, ಎಂಸಿಪಿ-841 ಎಂಬ ಒಂದೇ ಪ್ರೋಟೋಕಾಲ್ ಅನುಸರಿಸಿದವು. ಪ್ರೋಟೋಕಾಲ್ ಎಂದರೆ ಯಾವ ದಿನ ಯಾವ ಔಷಧ, ಎಷ್ಟು, ರಕ್ತದ ಎಣಿಕೆ ಇಳಿದರೆ ಏನು ಮಾಡಬೇಕು ಎಂದು ಬರೆದಿಟ್ಟ ಕ್ರಮ. ಅದರಲ್ಲಿ ಹೊಸ ಔಷಧ ಒಂದೂ ಇರಲಿಲ್ಲ. ಇದ್ದ ಔಷಧಗಳನ್ನೇ ನಮ್ಮ ಆಸ್ಪತ್ರೆಗಳಿಗೆ, ನಮ್ಮ ಮಕ್ಕಳ ಸ್ಥಿತಿಗೆ ಹೊಂದುವಂತೆ ಜೋಡಿಸಲಾಗಿತ್ತು. ಆರೈಕೆಯೂ ಸುಧಾರಿಸಿತು. ನಾಲ್ಕು ವರ್ಷದ ಕೊನೆಗೆ ರೋಗ ಮರುಕಳಿಸದೆ ಉಳಿದ ಮಕ್ಕಳ ಪ್ರಮಾಣ ಶೇ 20ಕ್ಕಿಂತ ಕಡಿಮೆ ಇದ್ದದ್ದು ಶೇ 45–60ರ ಮಟ್ಟಕ್ಕೆ ಏರಿತು. ಲೆಕ್ಕವಿಟ್ಟು ಕಲಿತದ್ದರಿಂದ ಇಷ್ಟು ಮಕ್ಕಳು ಬದುಕಿದರು.

ಇನ್ನೆರಡು ಉದಾಹರಣೆ. ಲ್ಯುಕೇಮಿಯಾ ಮಕ್ಕಳಿಗೆ ಆಸ್ಪಾರಜಿನೇಸ್ ಎಂಬ ಇಂಜೆಕ್ಷನ್ ಬೇಕೇಬೇಕು. ಮಾರುಕಟ್ಟೆಯಲ್ಲಿ ಅಗ್ಗದ ಬ್ರಾಂಡ್‌ಗಳು ಹಲವಿವೆ. ಸೀಸೆಯ ಮೇಲೆ ಬರೆದಷ್ಟು ಶಕ್ತಿ ಒಳಗಿದೆಯೇ? ಇದನ್ನು ಪರೀಕ್ಷಿಸಿದರೆ ಯಾವ ಕಂಪನಿಗೂ ಲಾಭವಿಲ್ಲ. ಭಾರತದ ಸಂಶೋಧಕರೇ ಬೇರೆಬೇರೆ ಬ್ರಾಂಡ್‌ಗಳನ್ನು ಪ್ರಯೋಗಾಲಯದಲ್ಲಿ ಅಳೆದರು, ಔಷಧ ಪಡೆದ ಮಕ್ಕಳ ರಕ್ತದಲ್ಲೂ ಅಳೆದರು. ಹಲವು ಬ್ರಾಂಡ್‌ಗಳ ಸಾಮರ್ಥ್ಯ ಬೇಕಾದ ಮಟ್ಟಕ್ಕಿಂತ ಕಡಿಮೆ ಇತ್ತು. ಆ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಶಕ್ತಿ ಕಡಿಮೆ ಇರುವ ಮದ್ದು ಪಡೆದ ಮಗುವಿಗೆ ರೋಗ ಮರುಕಳಿಸಿದರೆ ನಾವು ಹಣೆಬರಹ ಎನ್ನುತ್ತೇವೆ. ಅಳೆದು ನೋಡಿದವರಿಗೆ ಮಾತ್ರ ನಿಜವಾದ ಕಾರಣ ಗೊತ್ತಾಗುತ್ತದೆ.

ಎರಡನೆಯದು ಮನೆಯೊಳಗಿನ ಕಷ್ಟ. ಆಸ್ಪತ್ರೆಯ ತೀವ್ರ ಚಿಕಿತ್ಸೆ ಮುಗಿದ ಮೇಲೆ ಮಗು ಒಂದೂವರೆ ಎರಡು ವರ್ಷ ದಿನವೂ 6-ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ ನುಂಗಬೇಕು. ಮಾತ್ರೆ ಸಿಗುವುದು ಸಾಮಾನ್ಯವಾಗಿ 50 ಮಿಲಿಗ್ರಾಂ ಅಳತೆಯಲ್ಲಿ, ಅದು ದೊಡ್ಡವರ ಅಳತೆ. ಮೂರು ವರ್ಷದ ಮಗುವಿಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಸಾಕು. ರಾಯಚೂರಿನ ಹಳ್ಳಿಯಲ್ಲಿ ತಾಯಿ ಬ್ಲೇಡಿನಿಂದ ಮಾತ್ರೆ ಕತ್ತರಿಸುತ್ತಾಳೆ. ಒಂದು ಚೂರು ದೊಡ್ಡದಾಗುತ್ತದೆ, ಇನ್ನೊಂದು ಪುಡಿಯಾಗುತ್ತದೆ. ಪುಡಿಯನ್ನು ಚಮಚದ ನೀರಿನಲ್ಲಿ ಕಲಸಿ ಕುಡಿಸಿದರೆ ಮಗು ಉಗುಳುತ್ತದೆ. ಔಷಧ ಕಡಿಮೆಯಾದರೆ ರೋಗ ಮರುಕಳಿಸಬಹುದು. ಹೆಚ್ಚಾದರೆ ಬಿಳಿ ರಕ್ತಕಣಗಳು ಇಳಿದು ಸೋಂಕು ತಗಲಬಹುದು. ಇದಕ್ಕೆ ಉತ್ತರವಾಗಿ ಟಾಟಾ ಮೆಮೋರಿಯಲ್‌ನವರು ಬೆಂಗಳೂರಿನ ಐಡಿಆರ್‌ಎಸ್ ಲ್ಯಾಬ್ಸ್ ಜೊತೆಗೂಡಿ ಅದೇ ಔಷಧವನ್ನು ದ್ರವರೂಪದಲ್ಲಿ ತಯಾರಿಸಿದರು. ಪ್ರಿವಾಲ್ ಎಂಬ ಹೆಸರಿನಲ್ಲಿ 2025ರಲ್ಲಿ ಅದು ಬಂದಿದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ತೂಕಕ್ಕೆ ತಕ್ಕಷ್ಟು ಎಳೆದು ಬಾಯಿಗೆ ಹಾಕಿದರೆ ಆಯಿತು. ದಶಕಗಳಷ್ಟು ಹಳೆಯ ಔಷಧವನ್ನು ಮಗುವಿನ ಬಾಯಿಗೆ ಹೊಂದಿಸುವುದೂ ಸಂಶೋಧನೆಯೇ.

ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಹೋಗುವ ಸಮಸ್ಯೆಯನ್ನೂ ಹೀಗೆಯೇ ಎಣಿಸಿ ಅರ್ಥಮಾಡಿಕೊಳ್ಳಬೇಕಾಯಿತು. ಟಾಟಾ ಮೆಮೋರಿಯಲ್‌ಗೆ ಬಂದ ಮಕ್ಕಳಲ್ಲಿ ಒಂದು ಕಾಲಕ್ಕೆ ಸುಮಾರು ಐದರಲ್ಲಿ ಒಬ್ಬರು ನಡುವೆಯೇ ಹೊರಟುಹೋಗುತ್ತಿದ್ದರು. ಔಷಧದ ಖರ್ಚಿನ ಜೊತೆಗೆ ಬಾಡಿಗೆ, ಊಟ, ಊರಲ್ಲಿ ನಿಂತುಹೋದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು ಇವೆಲ್ಲ ಅವರನ್ನು ಹಿಂದಕ್ಕೆ ಎಳೆಯುತ್ತಿದ್ದವು. ಕಾರಣ ಗೊತ್ತಾದ ಮೇಲೆ ಆಸ್ಪತ್ರೆಯ ಇಂಪ್ಯಾಕ್ಟ್ ಪ್ರತಿಷ್ಠಾನ ದಾನಿಗಳ ನೆರವನ್ನು ಸರಿಯಾದ ಜಾಗಕ್ಕೆ ತಲುಪಿಸಿತು. 2006ರಲ್ಲಿ ಶುರುವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಕೇಂದ್ರಗಳು ದೂರದಿಂದ ಬಂದ ಕುಟುಂಬಗಳಿಗೆ ಉಚಿತ ವಸತಿ ಕೊಟ್ಟವು. ಅರ್ಧಕ್ಕೆ ಬಿಡುವವರ ಪ್ರಮಾಣ ಶೇ 5ರ ಆಸುಪಾಸಿಗೆ ಇಳಿಯಿತು. ಲೆಕ್ಕ ಇಟ್ಟವರು ಮತ್ತು ಅನ್ನ ಕೊಟ್ಟವರು ಒಟ್ಟಾದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಷ್ಟಾದರೂ ನಮ್ಮಲ್ಲಿ ಸಂಶೋಧನೆ ಎಂದರೆ ದಾನಿಗಳು ಹಿಂಜರಿಯುತ್ತಾರೆ. ಕಣ್ಣೆದುರು ಒಂದು ಮಗು ನರಳುತ್ತಿರುವಾಗ ಪ್ರಯೋಗಾಲಯಕ್ಕೆ ಹಣ ಕೊಡುವುದು ಸರಿಯೇ ಎಂಬ ಅಳುಕು ಸಹಜ. ಆದರೆ ಬರಗಾಲದಲ್ಲೂ ರೈತ ಬಿತ್ತನೆಯ ಕಾಳನ್ನು ಬೇಯಿಸುವುದಿಲ್ಲ. ಇವತ್ತಿನ ಹಸಿವು ಎಷ್ಟೇ ದೊಡ್ಡದಿರಲಿ, ಬರುವ ಮಳೆಗಾಲಕ್ಕೆ ಒಂದು ಪಾಲು ತೆಗೆದಿಡುತ್ತಾನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಚಿಕಿತ್ಸೆಯ ಖರ್ಚಿಗೆ ರೂಪುಗೊಂಡವು, ಅದು ಅವುಗಳ ಕೆಲಸ. ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ ಕಿಮೋ ಪ್ರಮಾಣ ಎಷ್ಟಿರಬೇಕು, ಚಿಕಿತ್ಸೆಯ ನಡುವೆ ಸೋಂಕಿನಿಂದಾಗುವ ಸಾವನ್ನು ತಡೆಯುವುದು ಹೇಗೆ ಎಂಬಂಥ ಪ್ರಶ್ನೆಗಳಿಗೆ ಬಾಸ್ಟನ್ ಉತ್ತರ ಕೊಡುವುದಿಲ್ಲ. ನಾವೇ ಕಂಡುಕೊಳ್ಳಬೇಕು. ಐಸಿಕಲ್ ಎಂಬ ಹೆಸರಿನಲ್ಲಿ ದೇಶದ ಹಲವು ಕೇಂದ್ರಗಳು ಸೇರಿ ಕೈಗೊಂಡ ಲ್ಯುಕೇಮಿಯಾ ಅಧ್ಯಯನ ಈ ದಿಕ್ಕಿನ ಗಟ್ಟಿ ಹೆಜ್ಜೆ.

ಇನ್ನೊಂದು ಅಂಜಿಕೆ, ಮಕ್ಕಳನ್ನು ಪ್ರಯೋಗಪಶು ಮಾಡುತ್ತಾರೆ ಎಂಬುದು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಅಧ್ಯಯನವೂ ನಡೆಯುವಂತಿಲ್ಲ. ತಂದೆತಾಯಿಯ ಲಿಖಿತ ಸಮ್ಮತಿ ಬೇಕು, ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಚಿಕಿತ್ಸಾ ಪ್ರಯೋಗಗಳು ಸರ್ಕಾರದ ಸಾರ್ವಜನಿಕ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಣಿಯಾಗಿರಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಮಕ್ಕಳ ಕ್ಯಾನ್ಸರಿನಲ್ಲಿ ಹೆಚ್ಚಿನ ಅಧ್ಯಯನಗಳು ಈಗಿರುವ ಉತ್ತಮ ಚಿಕಿತ್ಸೆಯನ್ನು ಅದರದೇ ಸ್ವಲ್ಪ ಬದಲಾದ ರೂಪದೊಂದಿಗೆ ಹೋಲಿಸುತ್ತವೆ. ಮಗುವಿಗೆ ಚಿಕಿತ್ಸೆ ತಪ್ಪುವುದಿಲ್ಲ.

ಕೊಡುವವರು ಕೆಲವು ಮಾತು ನೆನಪಿಡಬೇಕು. ಮಕ್ಕಳ ಕ್ಯಾನ್ಸರ್ ವಿಭಾಗವಿರುವ ಆಸ್ಪತ್ರೆಗೆ ಕೊಡುವಾಗ ಸಂಶೋಧನೆಗೆ ಪ್ರತ್ಯೇಕ ನಿಧಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಏಕಿಲ್ಲ ಎಂದೂ ಕೇಳಿ. ದಾನಿಗಳು ಕೇಳಿದರೆ ಆಡಳಿತ ಕಿವಿಗೊಡುತ್ತದೆ. ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ಐದು ವರ್ಷ ತಪ್ಪದೆ ಚಿಕ್ಕ ಮೊತ್ತ ಕೊಡುವುದು ಹೆಚ್ಚು ಪ್ರಯೋಜನಕಾರಿ, ಏಕೆಂದರೆ ಮಗುವನ್ನು ಗಮನಿಸುವ ಕೆಲಸ ವರ್ಷಗಳದ್ದು. ಟಾಟಾ ಮೆಮೋರಿಯಲ್‌ನಲ್ಲಿ ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ 1991ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ಮಗು ದೊಡ್ಡದಾಗಿ ಮದುವೆಯಾಗುವ ವಯಸ್ಸಿಗೆ ಬಂದರೂ ಹೃದಯ ಹೇಗಿದೆ, ಬೆಳವಣಿಗೆ ಹೇಗಿದೆ ಎಂದು ನೋಡುತ್ತಾರೆ. ಫೋನ್ ಮಾಡಿ ಫಾಲೋಅಪ್‌ಗೆ ಕರೆಸುವವರು, ದಾಖಲೆ ತುಂಬುವವರು, ರಕ್ತದ ಮಾದರಿ ಕಾಪಿಡುವವರು ಇಲ್ಲದೆ ಅಂಥ ಕೆಲಸ ನಡೆಯದು. ಅವರ ಸಂಬಳಕ್ಕೆ ಹಣ ಕೊಟ್ಟರೆ ಅದೂ ಪುಣ್ಯದ ಕೆಲಸವೇ.

ಕಂಪನಿಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಿತಿ ದಾಟಿದ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ತೆಗೆದಿಡಬೇಕು. ಸಾರ್ವಜನಿಕ ವೈದ್ಯಕೀಯ ಸಂಶೋಧನೆಗೂ ಆ ಹಣ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ಕಟ್ಟಡಕ್ಕೆ, ಯಂತ್ರಕ್ಕೆ ಕೊಟ್ಟರೆ ಹೆಸರಿನ ಫಲಕ ಸಿಗುತ್ತದೆ, ಉದ್ಘಾಟನೆಯ ಫೋಟೊ ಸಿಗುತ್ತದೆ. ಅಧ್ಯಯನಕ್ಕೆ ಕೊಟ್ಟರೆ ಸಿಗುವುದು ಏಳೆಂಟು ವರ್ಷದ ಬಳಿಕ ಒಂದು ಪ್ರಬಂಧ. ಆದರೆ ಆ ಪ್ರಬಂಧ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಮಕ್ಕಳ ಚಿಕಿತ್ಸೆಯನ್ನು ಬದಲಿಸಬಲ್ಲದು. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಔಷಧ ತಯಾರಿಸಬಲ್ಲ ಪ್ರಯೋಗಾಲಯಗಳಿವೆ, ಜಗತ್ತಿಗೆ ಲೆಕ್ಕ ಬರೆದುಕೊಡುವ ಸಾಫ್ಟ್‌ವೇರ್ ಕಂಪನಿಗಳಿವೆ. ಇವನ್ನು ಮಕ್ಕಳ ಸಲುವಾಗಿ ಒಟ್ಟಿಗೆ ಕೂರಿಸಲು ತಾಳ್ಮೆಯ ಹಣ ಬೇಕು.

ನನ್ನ ಕೋರಿಕೆ ಇಷ್ಟೆ. ಮಕ್ಕಳ ಕ್ಯಾನ್ಸರಿಗೆಂದು ನೂರು ರೂಪಾಯಿ ಕೊಡುವವರು ತೊಂಬತ್ತನ್ನು ಇವತ್ತಿನ ಮಗುವಿನ ಮದ್ದಿಗೆ, ಊಟಕ್ಕೆ, ವಸತಿಗೆ ಕೊಡಿ. ಹತ್ತನ್ನು ಸಂಶೋಧನೆಗೆ ಎಂದು ಸ್ಪಷ್ಟವಾಗಿ ಬರೆದು ಕೊಡಿ, ಮುಂದಿನ ವರ್ಷವೂ ಕೊಡಿ. ಹತ್ತು ವರ್ಷದ ನಂತರ ಕಾಯಿಲೆ ಬೀಳುವ ಮಗುವಿಗೆ ಯಾವ ಚಿಕಿತ್ಸೆ ಸಿಗುತ್ತದೆ ಎಂಬುದು ಆ ಹತ್ತು ರೂಪಾಯಿಯನ್ನು ನಾವು ಇವತ್ತು ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ನಿಂತಿದೆ.